ಜೊಂಡಿಲ್ಲದ ಹೊಲ

ನಮ್ಮ ಲೀಟ್ರಿಮ್ ಜಿಲ್ಲೆಯಲ್ಲಿ ನೆಲವನ್ನು ಎಕರೆ ಲೆಕ್ಕದಲ್ಲಿ ಮಾರುವುದಿಲ್ಲ, ನೀರಿನ ಕೊಡದ ಲೆಕ್ಕದಲ್ಲಿ ಮಾರುತ್ತಾರೆ ಎಂದು ಪಕ್ಕದ ಜಿಲ್ಲೆಯವರು ನಮ್ಮನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಮ್ಮ ಕರು ಕೊಳ್ಳಲು ಸಂತೆಗೆ ಬರುವವರೂ ಅವರೇ. ಆದರೆ ಅಟ್ರಾಕ್ಟಾ ಮಕ್‌ಮೊರೊಳ ಕೆಳಗಿನ ಹೊಲದ ಮಟ್ಟಿಗೆ ಆ ಮಾತು ತಮಾಷೆಯಾಗಿರಲಿಲ್ಲ. ಹನ್ನೊಂದು ಎಕರೆ. ಹೆಸರು ಕರಾ. ನಮ್ಮ ಹಳೇ ಭಾಷೆಯಲ್ಲಿ ಕರಾ ಅಂದರೆ ಜೌಗು. ಹೆಸರಲ್ಲೇ ನೀರಿರುವ ಹೊಲದಲ್ಲಿ ಹುಲ್ಲು ಎಲ್ಲಿಂದ ಬರಬೇಕು? ಬೆಳೆಯುತ್ತಿದ್ದದ್ದು ಬರೀ ಜೊಂಡು. ದನ ಮೂಸಿ ಮುಖ ತಿರುಗಿಸುವ, ಸೊಂಟದೆತ್ತರದ, ಕಡು ಹಸಿರು ಜೊಂಡು.

ಆ ಹೊಲಕ್ಕೂ ನನ್ನ ಹೊಲಕ್ಕೂ ನಡುವೆ ಒಂದೇ ಬೇಲಿ. ನಾನು ಫ್ರಾನ್ಸಿ ಕೀನಿ, ಮದುವೆಯಾಗದವನು, ನನ್ನ ಜೊಂಡಿನ ಜೊತೆ ಎಂದೂ ಜಗಳವಾಡದವನು. ಅವಳ ಬಗ್ಗೆ ಹೇಳಲು ನನಗಿಂತ ಯೋಗ್ಯರು ಊರಲ್ಲಿ ಇರಬಹುದು. ಆದರೆ ಇಪ್ಪತ್ತೆಂಟು ವರ್ಷ ಬೇಲಿಯ ಈಚೆ ನಿಂತು ನೋಡಿದವನು ನಾನೊಬ್ಬನೇ.

ಅವಳ ಗಂಡ ಫೆಲಿಮ್ ಒಳ್ಳೆಯವನು. ಹಾಡಿಗೆ ಮುಂದು, ಗುದ್ದಲಿಗೆ ಹಿಂದು. ಮದುವೆಯಾದ ಮರುವರ್ಷ ಹೆಂಡತಿಯನ್ನು ಮೆಚ್ಚಿಸಲು ಕರಾವನ್ನು ಉಳುಮೆ ಮಾಡಿಸಿದ. ಮಾಡಬಾರದ ಕೆಲಸ ಅದು. ಜೊಂಡಿನ ಬೀಜ ಮಣ್ಣಿನೊಳಗೆ ಅರವತ್ತು ವರ್ಷ ಮಲಗಿರುತ್ತದೆ. ನೇಗಿಲು ಹೋಗಿ ಮೈಮುಟ್ಟಿ ಎಬ್ಬಿಸಿದರೆ ಎಲ್ಲ ಒಟ್ಟಿಗೆ ಏಳುತ್ತದೆ. ಎದ್ದಿತು. ಅಜ್ಜನ ಕಾಲದ ಬೀಜ, ಮುತ್ತಜ್ಜನ ಕಾಲದ ಬೀಜ, ಎಲ್ಲ ಸೇರಿ ಹೊಲ ಮುಚ್ಚಿತು. ಫೆಲಿಮ್ ಆ ಕಡೆ ನೋಡುವುದನ್ನೇ ಬಿಟ್ಟ. ೧೯೮೮ರ ಶರತ್ಕಾಲದಲ್ಲಿ ಅವನ ಹೃದಯ ನಿಂತಿತು. ಅಟ್ರಾಕ್ಟಾಳಿಗೆ ಆಗ ನಲವತ್ತಾರು. ಮಕ್ಕಳಿರಲಿಲ್ಲ.

ಮಣ್ಣು ಕೊಟ್ಟು ತಿಂಗಳಾಗಿರಲಿಲ್ಲ, ಫೆಲಿಮ್‌ನ ಅಣ್ಣ ಯೂಜಿನ್ ಬಂದು, ಕರಾವನ್ನು ಮರ ನೆಡುವವರಿಗೆ ಕೊಟ್ಟುಬಿಡು ಎಂದ. ನಮ್ಮ ಸುತ್ತಲಿನ ಗುಡ್ಡಗಳೆಲ್ಲ ಆಗಲೇ ಸ್ಪ್ರೂಸ್ ಮರ ನೆಟ್ಟು ಕಪ್ಪಾಗುತ್ತಿದ್ದವು. ಒಮ್ಮೆ ನೆಟ್ಟರೆ ಅಲ್ಲಿಗೆ ಮುಗಿಯಿತು, ಅಡಿಯಲ್ಲಿ ಹುಲ್ಲೂ ಇಲ್ಲ, ಹಕ್ಕಿಯೂ ಇಲ್ಲ. ಆದರೆ ಯೂಜಿನ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೇಲಿನ ತುಂಡು ನೆಲದಲ್ಲಿ ನಾಲ್ಕು ದನ ಸಾಕಿ ಬದುಕಲಾಗದು. ಕರಾ ದನ ಹೊತ್ತರೆ, ಅಂದರೆ ಅವಕ್ಕೆ ಮೇವು ಕೊಟ್ಟರೆ, ಅವಳು ಇಲ್ಲಿ ಉಳಿಯುತ್ತಾಳೆ. ಇಲ್ಲದಿದ್ದರೆ ಸ್ಲೈಗೋದಲ್ಲಿರುವ ತಂಗಿಯ ಮನೆಯ ಹಿಂದಿನ ಕೋಣೆಗೆ ಹೋಗಬೇಕು.

ನಾನೂ ಬೇಲಿಯ ಮೇಲಿಂದ ಅದನ್ನೇ ಹೇಳಿದೆ, ಮರ ನೆಡು ಎಂದೆ. ಅವಳು ಹೋಗುವುದು ನನಗೆ ಬೇಕಿತ್ತೇ? ಖಂಡಿತ ಬೇಕಿರಲಿಲ್ಲ. ಆದರೆ ನನ್ನ ಬಾಯಿ ನನ್ನ ಮಾತು ಕೇಳಿದ ದಿನಗಳು ಕಡಿಮೆ. ಅವಳು ಸನಿಕೆ ಊರಿ ಒಂದು ಹೆಂಟೆ ಎತ್ತಿ, ಬೇಲಿಯ ಮೇಲಿಂದ ನನ್ನ ಮೂಗಿಗೇ ಹಿಡಿದಳು.

"ಮೂಸು."

ಮೂಸಿದೆ. ನೀಲಿ ಬಣ್ಣಕ್ಕೆ ತಿರುಗಿದ ಜೇಡಿ, ಕೊಳೆತ ಮೊಟ್ಟೆಯ ನಾತ.

"ನೆಲಕ್ಕೆ ಉಸಿರು ಕಟ್ಟಿದೆ ಫ್ರಾನ್ಸಿ. ಜೊಂಡು ಬರದೆ ಇನ್ನೇನು ಗುಲಾಬಿ ಬರುತ್ತಾ?"

ಇದು ನೆಲದ ಹಣೆಬರಹ, ಇಲ್ಲಿ ಯಾರೂ ಏನೂ ಮಾಡೋಕಾಗಲ್ಲ ಎಂದೆ. ಕುಣೀಲಾರದವನು ನೆಲ ಡೊಂಕು ಅಂದನಂತೆ ಎಂದು ಅವಳು ನನ್ನ ಹೊಲದ ಕಡೆ ಕಣ್ಣು ಹಾಯಿಸಿದಳು. ನನಗೆ ರೇಗಿತು. ಆಗ ಆಡಿದ ಮಾತು ಇದು. ಆಮೇಲೆ ಇಡೀ ಊರಿಗೆ ಬಾಯಿಪಾಠವಾಯಿತು:

"ಬ್ರಿಜಿಡ್ ಹಬ್ಬಕ್ಕೆ ನಿನ್ನ ಹೊಲದಲ್ಲಿ ಒಂದು ಶಿಲುಬೆಗೆ ಬೇಕಾದಷ್ಟು ಜೊಂಡು ಸಿಗದೇ ಹೋದ ವರ್ಷ, ಅರ್ಧ ಮೀಸೆ ಬೋಳಿಸ್ಕೋತೀನಿ, ನೋಡ್ತಿರು."

ಆ ಕಾಲದಲ್ಲಿ ನನ್ನ ಮೀಸೆ ಕೆಂಪಗೆ ದಟ್ಟವಾಗಿತ್ತು. ನನ್ನಲ್ಲಿ ನೋಡುವಂಥದ್ದು ಇದ್ದದ್ದು ಅದೊಂದೇ. ಹಬ್ಬದ ಮಾತು ತೆಗೆದದ್ದು ಸುಮ್ಮನೆ ಅಲ್ಲ. ಫೆಬ್ರವರಿ ಒಂದರ ಸಂತ ಬ್ರಿಜಿಡಳ ಹಬ್ಬಕ್ಕೆ ಹಿಂದಿನ ದಿನ ಜೊಂಡು ಕಿತ್ತು ಶಿಲುಬೆ ಹೆಣೆಯದ ಮನೆ ನಮ್ಮಲ್ಲಿಲ್ಲ. ಕೀಳಬೇಕು, ಕತ್ತಿ ತಾಗಿಸಬಾರದು. ಕೊಟ್ಟಿಗೆಯ ಬಾಗಿಲ ಮೇಲೆ ಸಿಕ್ಕಿಸುವ ಶಿಲುಬೆಗಂತೂ ಆ ದನ ಮೇಯುವ ನೆಲದ್ದೇ ಜೊಂಡಾಗಬೇಕು. ವರ್ಷವಿಡೀ ಶಪಿಸುವ ಗಿಡಕ್ಕೆ ಆ ಒಂದು ದಿನ ಕೈಮುಗಿಯುತ್ತೇವೆ.

ಅಟ್ರಾಕ್ಟಾ ಶುರುಮಾಡಿದ್ದು ನೀರಿನಿಂದ. ಕರಾದ ತಗ್ಗಿನ ಅಂಚಿನಲ್ಲಿ ಮುಳ್ಳುಪೊದೆ ಸವರುವಾಗ ಅವಳಿಗೆ ಒಂದು ಕಲ್ಲಿನ ಬಾಯಿ ಸಿಕ್ಕಿತು. ಹಿಂದಿನವರು ಕೈಯಲ್ಲಿ ಕಟ್ಟಿ ಮಣ್ಣಿನಡಿ ಹೂತ ಬಸಿಗಾಲುವೆ. ಹೂಳು ತುಂಬಿ ಯಾವಾಗಲೋ ಸತ್ತಿತ್ತು. ಅದರ ಜಾಡು ಹಿಡಿದು ಎರಡು ಚಳಿಗಾಲ ಅಗೆದಳು. ಅಂಥ ಕಾಲುವೆಗಳು ಏಳಿದ್ದವು. ಮೊದಲನೆಯದು ತೆರೆದುಕೊಂಡ ದಿನ ನನ್ನನ್ನು ಕೂಗಿದಳು. ಹೋಗಿ ನೋಡಿದರೆ ನೀರು. ನಮ್ಮ ಊರಲ್ಲಿ ನೀರು ನೋಡಲು ಕರೆಯುತ್ತಾರೆಯೇ? ಅವಳು ಅಲ್ಲೇ ಬಕೆಟ್ ಬೋರಲು ಹಾಕಿ ಕೂತು, ಚಹಾ ಕುಡಿಯುತ್ತ, ಕಂದು ನೀರು ಹಳ್ಳಕ್ಕಿಳಿಯುವ ಸದ್ದು ಕೇಳುತ್ತಿದ್ದಳು. ಮೂಗಿನ ತುದಿಯಲ್ಲಿ ಕೆಸರಿತ್ತು. ನಾನು ಹೇಳಲಿಲ್ಲ. ಚೆನ್ನಾಗಿ ಕಾಣುತ್ತಿದ್ದಳು.

ಆಮೇಲೆ ಸುಣ್ಣ. ಹುಳಿ ಹಿಡಿದ ನೆಲಕ್ಕೆ ಆಗಸ್ಟ್‌ನ ಒಂದು ಒಣ ವಾರ ಕಾದು ಲಾರಿಗಟ್ಟಲೆ ಸುಣ್ಣ ಹೊಡೆಸಿದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ನಾನು ಹೆಂಡದಂಗಡಿಯಲ್ಲಿ ಕೂತು ನಗಾಡಿದೆ. ಜೊಂಡನ್ನು ಬೇಸಿಗೆಯಲ್ಲೊಮ್ಮೆ, ಅದು ಚಿಗುರಿ ಬೇರಿನ ಶಕ್ತಿ ಕಳೆದುಕೊಂಡಾಗ ಇನ್ನೊಮ್ಮೆ ಸವರಿದಳು. ನೇಗಿಲನ್ನು ಮಾತ್ರ ಗೇಟಿನ ಒಳಗೆ ಬಿಡಲಿಲ್ಲ. ಇದ್ದ ಹುಲ್ಲನ್ನೇ ದನದಿಂದ ನುಣ್ಣಗೆ ಮೇಯಿಸಿ, ಮೇಲೆ ಬಿಳಿ ಕ್ಲೋವರ್ ಎಂಬ ಮೇವಿನ ಸೊಪ್ಪಿನ ಬೀಜ, ಹುಲ್ಲಿನ ಬೀಜ ಕೈಯಲ್ಲಿ ಎರಚಿ, ಮತ್ತೆ ದನವನ್ನೇ ಓಡಾಡಿಸಿ ಗೊರಸಿನಿಂದ ಒತ್ತಿಸಿದಳು. ಭಾರದ ದನ ಈ ನೆಲಕ್ಕೆ ಆಗದು ಎಂದು ಫೆಲಿಮ್‌ನ ದೊಡ್ಡ ಬಿಳಿ ಹಸುಗಳನ್ನು ಮಾರಿ ಗಿಡ್ಡ ಕಪ್ಪು ಡೆಕ್ಸ್ಟರ್ ಹಸು ತಂದಳು. ಅವು ಬಂದ ದಿನ, ಆಡು ತಂದ್ಯಾ ಎಂದು ಕೇಳಿದೆ. ಹೌದು, ನಿನ್ನ ಮೀಸೆ ಮೇಯಿಸೋಕೆ ಎಂದಳು.

ಅವಳದ್ದು ಬೂಟಿನ ಲೆಕ್ಕ. ಹುಲ್ಲು ರಬ್ಬರ್ ಬೂಟಿನ ಕಣಕಾಲಿಗೆ ಬಂದರೆ ದನ ಒಳಗೆ, ಹಿಮ್ಮಡಿಗೆ ಇಳಿದರೆ ಹೊರಗೆ. ಕರೆಂಟಿನ ತಂತಿ ಎಳೆದು ಹೊಲವನ್ನು ಪಟ್ಟಿ ಪಟ್ಟಿ ಮಾಡಿ, ಎರಡು ದಿನಕ್ಕೊಮ್ಮೆ ಮುಂದಿನ ಪಟ್ಟಿಗೆ ಬಿಡುವಳು. ಮೇದ ಪಟ್ಟಿಗೆ ಮೂರು ವಾರ ರಜೆ. ದನ ಒಳಬಿಡುವ ಮುನ್ನ ಇನ್ನೊಂದು ಪರೀಕ್ಷೆ: ಹಿಮ್ಮಡಿ ಊರಿ ಒಂದು ಸುತ್ತು ತಿರುಗಬೇಕು. ಆ ಗುಳಿಯಲ್ಲಿ ನೀರು ಒಸರಿದರೆ ದನ ಎಷ್ಟೇ ಅರಚಲಿ, ಗೇಟು ತೆಗೆಯುವುದಿಲ್ಲ. ಒದ್ದೆ ನೆಲವನ್ನು ಗೊರಸು ತುಳಿದರೆ ನೆಲ ಮುಚ್ಚಿಕೊಳ್ಳುತ್ತದೆ, ಮುಚ್ಚಿದ ನೆಲಕ್ಕೆ ಜೊಂಡು ಬರುತ್ತದೆ.

ಐದನೇ ವರ್ಷಕ್ಕೆ ಕರಾ ಎಂಟು ಹಸು ಹೊತ್ತಿತು. ಯೂಜಿನ್ ಮರದ ಮಾತು ಬಿಟ್ಟ. ಸ್ಲೈಗೋದ ಕೋಣೆಗೆ ತಂಗಿ ಬೇರೆ ಬಾಡಿಗೆಯವರನ್ನು ನೋಡಿಕೊಂಡಳು. ಹೊಲ ಉಳಿಯಿತು, ಆದರೆ ಜೊಂಡು ಹೋಗಿರಲಿಲ್ಲ, ಅವಳ ಹಟವೂ ಹೋಗಿರಲಿಲ್ಲ. ಪ್ರತಿ ವರ್ಷ ಹಬ್ಬದ ಹಿಂದಿನ ದಿನ ತನ್ನ ಹೊಲದಿಂದ ಜೊಂಡು ಕಿತ್ತು ಎರಡು ಶಿಲುಬೆ ಹೆಣೆಯುತ್ತಿದ್ದಳು, ಒಂದು ಅವಳ ಕೊಟ್ಟಿಗೆಗೆ, ಇನ್ನೊಂದು ನನಗೆ. ಮೊದಲ ವರ್ಷಗಳಲ್ಲಿ ಅದು ತಟ್ಟೆಯಗಲ ಇರುತ್ತಿತ್ತು. ಆಮೇಲೆ ಅಂಗೈಯಗಲವಾಯಿತು. ಕೊನೆಕೊನೆಗೆ ಬೆಂಕಿಪೊಟ್ಟಣದಷ್ಟು. ನನ್ನ ಬಾಗಿಲ ಮೇಲೆ ಸಾಲಾಗಿದ್ದ ಶಿಲುಬೆ ನೋಡಿದರೆ ಅವಳ ಹೊಲದ ಚರಿತ್ರೆ ತಿಳಿಯುತ್ತಿತ್ತು. ನಾನು ನೋಡುತ್ತಿದ್ದೆ, ಮೀಸೆ ತಿರುವಿಕೊಳ್ಳುತ್ತಿದ್ದೆ.

ಇಲ್ಲಿ ನನ್ನ ತಪ್ಪು ಹೇಳಬೇಕು. ಮಳೆ ನಿಲ್ಲದ ಒಂದು ಜೂನ್‌ನಲ್ಲಿ ಅವಳ ತಂಗಿ ತೀರಿಕೊಂಡಳು. ಮೂರು ದಿನ ಸ್ಲೈಗೋಗೆ ಹೋಗುವಾಗ, ದನ ಕೊಟ್ಟಿಗೆಯಲ್ಲೇ ಇರಲಿ, ಒಣಹುಲ್ಲು ಹಾಕು, ಅಷ್ಟು ಸಾಕು ಎಂದು ನನಗೆ ಹೇಳಿದ್ದಳು. ಎರಡನೇ ದಿನ ಅವು ಹಸಿ ಹುಲ್ಲಿನ ವಾಸನೆಗೆ ಅರಚತೊಡಗಿದವು. ಕರಾದಲ್ಲಿ ಹುಲ್ಲು ಮೊಣಕಾಲುದ್ದ ನಿಂತಿತ್ತು. ನನ್ನ ಮನಸ್ಸು ತಡೆಯಲಿಲ್ಲ, ಗೇಟು ತೆಗೆದೆ. ಹಿಮ್ಮಡಿ ಊರಿ ನೋಡಲಿಲ್ಲ. ಒಂದೂವರೆ ದಿನದಲ್ಲಿ ಗೇಟಿನ ಹತ್ತಿರದ ನೆಲವೆಲ್ಲ ನಾದಿದ ಹಿಟ್ಟಾಯಿತು. ಅವಳು ಕಪ್ಪು ಕೋಟಿನಲ್ಲೇ ಬಂದು ಗೇಟಿನಲ್ಲಿ ನಿಂತು ನೋಡಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಹನ್ನೊಂದು ವಾರ ಮಾತಾಡಲಿಲ್ಲ. ಬೇಲಿಯ ಈಚೆ ಆ ಹನ್ನೊಂದು ವಾರ ನಾನು ಹೇಗಿದ್ದೆ ಎಂದು ಕೇಳಬೇಡಿ. ಹನ್ನೆರಡನೇ ವಾರ ಸೋಡಾ ಬ್ರೆಡ್ ಸುಟ್ಟುಕೊಂಡು ಬಂದು ಮೇಜಿನ ಮೇಲಿಟ್ಟಳು.

"ನೀನು ಕೆಟ್ಟೋನಲ್ಲ ಫ್ರಾನ್ಸಿ, ಕರಗೋನು. ಕರಗೋರು ಹುಲ್ಲಿಗೆ ಆಗಲ್ಲ ಮಾರಾಯ."

ಮರುವರ್ಷ ಆ ಗೇಟಿನ ಜಾಗದಲ್ಲಿ ಜೊಂಡು ನಾಯಿಯ ಬೆನ್ನಿನ ಕೂದಲಿನಂತೆ ಎದ್ದಿತು. ಅವಳು ನಾಲ್ಕು ವರ್ಷ ಮೊಣಕಾಲೂರಿ ಕೈಯಲ್ಲೇ ಕಿತ್ತಳು. ನನ್ನನ್ನು ಸಹಾಯಕ್ಕೆ ಕರೆಯಲಿಲ್ಲ. ನಾನೂ ಹೋಗಲಿಲ್ಲ, ನಾಚಿಕೆಗೆ.

೨೦೧೬ರ ಶರತ್ಕಾಲದಲ್ಲಿ ಅವಳ ಎದೆಯಲ್ಲಿ ನೀರು ತುಂಬತೊಡಗಿತು. ಜೀವಮಾನವಿಡೀ ನೀರು ಬಸಿದವಳಿಗೆ ಇದೇ ಬರಬೇಕಿತ್ತೇ ಎಂದು ನನಗೆ ದೇವರ ಮೇಲೆ ಸಿಟ್ಟು ಬಂತು. ಅವಳ ತಮ್ಮನ ಮಗಳು ಡರ್ವ್ಲಾ ಬಂದು ಅಡುಗೆಮನೆಯಲ್ಲೇ ಹಾಸಿಗೆ ಹಾಕಿ ನೋಡಿಕೊಂಡಳು. ಅಟ್ರಾಕ್ಟಾಳ ಕಣ್ಣಿಗೆ ಪೊರೆ ಬಂದು ಒಂದು ಗೇಣಿನಾಚೆ ಎಲ್ಲ ಮಂಜು. ಜನವರಿ ಮೂವತ್ತೊಂದರ ಮಧ್ಯಾಹ್ನ ನನಗೆ ಹೇಳಿಕಳಿಸಿದಳು: ಈ ಸಲ ನನ್ನ ಕೈಲಾಗಲ್ಲ, ಕರಾಗೆ ಹೋಗಿ ಶಿಲುಬೆಗೆ ಜೊಂಡು ಕಿತ್ತು ತಾ.

ಹೋದೆ. ಎಪ್ಪತ್ತು ದಾಟಿದ ಕಾಲಲ್ಲಿ ಹನ್ನೊಂದು ಎಕರೆಯನ್ನೂ ಉದ್ದಕ್ಕೆ ಅಡ್ಡಕ್ಕೆ ನಡೆದೆ. ಏಳು ಕಾಲುವೆಯ ಅಂಚು ನೋಡಿದೆ, ಬೇಲಿಯ ಬುಡ ನೋಡಿದೆ, ಗೇಟಿನ ಹತ್ತಿರ ಬಗ್ಗಿ ಬಗ್ಗಿ ನೋಡಿದೆ. ಚಳಿಗಾಲದ ಗಿಡ್ಡ ಹುಲ್ಲು, ಅದರ ನಡುವೆ ಕ್ಲೋವರ್‌ನ ಸಣ್ಣ ಎಲೆ. ಒಂದೇ ಒಂದು ಜೊಂಡಿಲ್ಲ.

ಆಗ ನಾನು ಟೋಪಿ ಹಾರಿಸಿ ಕುಣಿಯಬೇಕಿತ್ತು. ಬದಲಿಗೆ ಹೆದರಿದೆ. ಹಾಸಿಗೆ ಹಿಡಿದವಳು ಶಿಲುಬೆ ಕೇಳಿದ್ದಾಳೆ, ಬರಿಗೈಯಲ್ಲಿ ಹೇಗೆ ಹೋಗುವುದು? ಬೇಲಿಯಾಚೆ ನನ್ನ ಹೊಲದಲ್ಲಿ ಜೊಂಡು ಪಟಾಲಮ್ಮಿನಂತೆ ನಿಂತಿತ್ತು. ಹಾರಿ ಹೋಗಿ ಒಂದು ತೆಕ್ಕೆ ಕಿತ್ತು ತಂದೆ.

ಅವಳು ಬೆರಳಲ್ಲಿ ಸವರಿ ನೋಡಿದಳು. "ಉದ್ದ ಇದೆಯಲ್ಲೋ."

"ಹೂಂ."

"ಕರಾದಲ್ಲೇ ಸಿಕ್ತಾ?"

"ಸಿಗದೇ ಏನು? ಬೇಕಾದಷ್ಟಿದೆ."

ಬುಡದವರೆಗೆ ಇನ್ನೊಮ್ಮೆ ಸವರಿದಳು. "ಗೇಟಿನ ಹತ್ರನಾ?"

ಹೂಂ ಎಂದೆ. ಅವಳು ಜೊಂಡನ್ನು ಕಂಬಳಿಯ ಮೇಲಿಟ್ಟು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. "ಇಷ್ಟು ವರ್ಷ," ಎಂದಳು. ಅಷ್ಟೇ. 

ಆಗ ನನ್ನ ಮಂದ ತಲೆಗೆ ಹೊಳೆಯಿತು. ಅವಳು ನನ್ನನ್ನು ಕಳಿಸಿದ್ದು ಜೊಂಡು ತರಲು ಅಲ್ಲವೇ ಅಲ್ಲ. ಬರಿಗೈಯಲ್ಲಿ ವಾಪಸ್ ಬಂದು, ಇಲ್ಲ ಎಂದು ನನ್ನ ಬಾಯಿಂದಲೇ ಹೇಳಲಿ ಎಂದು ಕಾದಿದ್ದಳು. ಇಪ್ಪತ್ತೆಂಟು ವರ್ಷದ ದುಡಿಮೆಯ ಫಲವನ್ನು ದಯೆ ತೋರಿಸುತ್ತೇನೆಂದು ಹೋಗಿ ನಾನು ಕಸಿದುಕೊಂಡಿದ್ದೆ. ಮತ್ತೆ ಅದೇ ಗೇಟು, ಮತ್ತೆ ಅದೇ ಕರಗುವ ಬುದ್ಧಿ.

ಅದು ನನ್ನ ಹೊಲದ್ದು, ನಿನ್ನಲ್ಲಿ ಒಂದೂ ಇಲ್ಲ ಎಂದು ಹೇಳಿದೆ. ಎರಡು ಸಲ ಹೇಳಿದೆ. ಅವಳು ತಿರುಗಲಿಲ್ಲ.

"ಒಂದು ಸುಳ್ಳು ಹೇಳಿದೀಯ ಫ್ರಾನ್ಸಿ. ಆಗಿನದೋ ಈಗಿನದೋ ನನಗೆ ಗೊತ್ತಾಗ್ತಿಲ್ಲ. ಸಾಯೋಳಿಗೆ ಸಮಾಧಾನ ಹೇಳ್ಬೇಡ, ಹೋಗು."

ನಾನು ಹೋದೆ, ಟ್ರಾಕ್ಟರ್ ತರಲು. ಅದರ ಹಿಂದೆ ಕುರಿ ಸಾಗಿಸುವ ಕಬ್ಬಿಣದ ಪೆಟ್ಟಿಗೆಯಿತ್ತು, ಅದಕ್ಕೆ ಹುಲ್ಲು ತುಂಬಿ, ಮೇಲೆ ನನ್ನ ಹಾಸಿಗೆಯನ್ನೇ ತಂದು ಹಾಸಿದೆ. ಡರ್ವ್ಲಾ ಮೊದಲು ನನ್ನನ್ನು ಹುಚ್ಚ ಎಂದಳು, ಅತ್ತೆಯ ಮುಖ ನೋಡಿದಳು, ಆಮೇಲೆ ಕಂಬಳಿ ಸುತ್ತಲು ಶುರುಮಾಡಿದಳು. ಇಬ್ಬರೂ ಎತ್ತಿ ಕೂರಿಸಿದೆವು. ತೂಕವೇ ಇರಲಿಲ್ಲ. ತುಂತುರು ಮಳೆ. ಮೊದಲ ಗೇರಿನಲ್ಲಿ, ಶವಯಾತ್ರೆಗಿಂತ ನಿಧಾನ, ಕರಾದ ಗೇಟಿನವರೆಗೆ.

ನೋಡು ಎಂದೆ. ಏನು ನೋಡಲಿ, ಎಲ್ಲ ಹಸಿರು ಮಂಜು ಎಂದಳು. ಆಮೇಲೆ ಕೈ ಚಾಚಿದಳು. "ಸನಿಕೆ ತಗೋ. ನೀನು ಹಾಳುಮಾಡಿದ ಜಾಗದಲ್ಲೇ ಅಗಿ."

ಅಗೆದೆ. ಸನಿಕೆ ಸಲೀಸಾಗಿ ಇಳಿಯಿತು. ಹೆಂಟೆಯನ್ನು ಅವಳ ಮಡಿಲಿಗೆ, ಒಳ್ಳೆಯ ಕಂಬಳಿಯ ಮೇಲೇ ಇಟ್ಟೆ. ಅವಳು ಎರಡು ಕೈಯಲ್ಲಿ ಮುರಿದಳು. ಕೇಕಿನಂತೆ ಉದುರಿತು. ಕಂದು ಮಣ್ಣು, ಬಿಳಿ ಬೇರಿನ ಜಾಲ, ಎರಡು ಎರೆಹುಳು. ಮುಖಕ್ಕೆ ಹಿಡಿದು ಬಹಳ ಹೊತ್ತು ಮೂಸಿದಳು. ಮೂಗಿನ ತುದಿಗೆ ಮಣ್ಣು ಹತ್ತಿತು. ಈ ಸಲವೂ ನಾನು ಹೇಳಲಿಲ್ಲ. ನಂತರ ನನ್ನ ಮೂಗಿಗೆ ಹಿಡಿದಳು.

"ಮೂಸು."

ಅಣಬೆಯ ವಾಸನೆ, ಬೇರಿನ ವಾಸನೆ. ಮೊಟ್ಟೆಯ ನಾತ ಎಲ್ಲೂ ಇರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಮಳೆಯಿತ್ತಲ್ಲ, ಯಾರಿಗೂ ಕಾಣಲಿಲ್ಲ.

"ಈಗ ಹೇಳು. ಸರಿಯಾಗಿ ಹೇಳು."

"ಅಟ್ರಾಕ್ಟಾ, ನಿನ್ನ ಹೊಲದಲ್ಲಿ ಒಂದು ಶಿಲುಬೆಗೆ ಬೇಕಾದಷ್ಟು ಜೊಂಡಿಲ್ಲ."

ಅವಳು ಕಣ್ಣು ಮುಚ್ಚಿ ಅದನ್ನು ಕೇಳಿಸಿಕೊಂಡಳು. ಬಕೆಟ್ ಮೇಲೆ ಕೂತು ನೀರಿನ ಸದ್ದು ಕೇಳಿದ ದಿನವೂ ಹೀಗೇ ಕೂತಿದ್ದಳು.

"ಹಾಗಾದ್ರೆ ಮನೆಗೆ ಹೋಗಿ ಕನ್ನಡಿ ಮುಂದೆ ನಿಂತ್ಕೋ. ಅರ್ಧ ಅಂದಿದ್ದೆ. ಅರ್ಧ ಬೇಡ, ನೋಡೋಕಾಗಲ್ಲ, ಪೂರ್ತಿ ತೆಗಿ."

ಸಂಜೆ ನನ್ನ ಜೊಂಡಿನಲ್ಲೇ ಶಿಲುಬೆ ಹೆಣೆದಳು, ಮೊದಲಿನ ವರ್ಷಗಳ ಹಾಗೆ ತಟ್ಟೆಯಗಲ. ನಿಯಮ ತಪ್ಪಿತಲ್ಲ ಎಂದು ಡರ್ವ್ಲಾ ಕೇಳಿದ್ದಕ್ಕೆ, ಬ್ರಿಜಿಡಳೂ ಹಸು ಸಾಕಿದವಳು, ಹುಲ್ಲಿದ್ದಲ್ಲಿ ಜೊಂಡಿರಲ್ಲ ಅಂತ ಅವಳಿಗೆ ಗೊತ್ತು ಎಂದಳು. ಹಬ್ಬದ ಬೆಳಿಗ್ಗೆ ಬೋಳು ಮುಖ ಹೊತ್ತು ಅವಳ ಹಾಸಿಗೆಯ ಹತ್ತಿರ ಹೋದೆ. ಕಣ್ಣಿಗೆ ಕಾಣದೆ ಕೈಯಿಂದ ನೋಡಿದಳು. ಮೇಲ್ತುಟಿಯ ಉದ್ದಕ್ಕೂ ಬೆರಳು ಎಳೆದಳು. ಅಷ್ಟು ವರ್ಷದಲ್ಲಿ ಅವಳು ನನ್ನ ಮುಖ ಮುಟ್ಟಿದ್ದು ಅದೊಂದೇ ಸಲ.

"ಹೀಗಿದ್ಯಾ ನೀನು? ಮೊದಲೇ ತೋರಿಸಬಾರದಿತ್ತಾ?"

ನನಗೆ ಅವಳ ಮೇಲೆ ಪ್ರೀತಿಯಿತ್ತು. ಬಸಿಗಾಲುವೆಯ ದಿನದಿಂದ ಇತ್ತು. ಅವತ್ತಾದರೂ ಹೇಳಬಹುದಿತ್ತು. ಚಹಾ ತಣ್ಣಗಾಗ್ತಿದೆ ಎಂದೆ.

ಮಾರ್ಚ್ ಮೂರನೇ ವಾರ, ದನ ಹೊರಗೆ ಬಿಡುವ ಮುಂಚೆಯೇ ಹೋದಳು. ಶವಪೆಟ್ಟಿಗೆಗೆ ಹೆಗಲು ಕೊಟ್ಟು ನಡೆಯುವಾಗ ಮೇಲ್ತುಟಿಗೆ ಚಳಿಯಾಗುತ್ತಿತ್ತು. ಹೊಲ ಈಗ ಡರ್ವ್ಲಾಳದು. ಡೆಕ್ಸ್ಟರ್‌ಗಳನ್ನೇ ಇಟ್ಟುಕೊಂಡಿದ್ದಾಳೆ. ದನ ಅವಳವು, ಹಿಮ್ಮಡಿ ನನ್ನದು. ನಾನು ಊರಿ ತಿರುಗಿ ಹೇಳಿದ ಮೇಲೇ ಗೇಟು ತೆಗೆಯುತ್ತಾಳೆ.

ಮರುವರ್ಷ ಹಬ್ಬದ ಹಿಂದಿನ ದಿನ ಸುಮ್ಮನೆ ಕರಾದೊಳಗೆ ಹೋದೆ. ಗೇಟಿನಿಂದ ನಾಲ್ಕು ಹೆಜ್ಜೆಯಲ್ಲಿ ಒಂದು ಜೊಂಡು ಎದ್ದಿತ್ತು. ಬೆರಳುದ್ದ, ಸೂಜಿಯಂತೆ ಚೂಪು. ನನ್ನ ಹೊಲದಲ್ಲಿ ಜೀವಮಾನದಲ್ಲಿ ಮಾಡದ್ದನ್ನು ಅಲ್ಲಿ ಮಾಡಿದೆ: ಒದ್ದೆ ನೆಲದಲ್ಲಿ ಎರಡೂ ಮೊಣಕಾಲೂರಿ, ಬೆರಳಿನಿಂದ ಸುತ್ತ ಬಿಡಿಸಿ, ಬೇರು ಸಮೇತ ಕಿತ್ತೆ. ಏನು ಕಳೆದುಹೋಯ್ತು ಎಂದು ಡರ್ವ್ಲಾ ಅಂಗಳದಿಂದ ಕೂಗಿ ಕೇಳಿದಳು. ಏನಿಲ್ಲ ಎಂದೆ. ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಒಂದು ಕಡ್ಡಿಯಲ್ಲಿ ಶಿಲುಬೆಯಾಗುವುದಿಲ್ಲ. ಹಾಗಾಗಿ ಮೀಸೆ ಬಿಡುವಂತೆಯೂ ಇಲ್ಲ.